ಮೊದಲು ಮುಳ್ಳು, ಆಮೇಲೆ ಯಂತ್ರ

(ಶಿರಸಿಯಲ್ಲಿ ಸಂಗೀತಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ರೆಕಾರ್ಡ್ ಪ್ಲೇಯರ್‌ಗಳಿವೆ, ನಡುವೆ ಒಂದು ತಕ್ಕಡಿ. ತಕ್ಕಡಿ ಅಂಗೈಯಷ್ಟು ಅಗಲ. ಬಂಗಾರದ ಅಂಗಡಿಯಲ್ಲಿ ಮೂಗುತಿ ತೂಗಲು ಇಟ್ಟುಕೊಳ್ಳುವಂಥದ್ದು, ಗ್ರಾಮಿನ ನೂರನೇ ಒಂದು ಭಾಗವನ್ನೂ ತೋರಿಸುತ್ತದೆ. ಮುಂದಿನ ಸಾಲಿನವರು ದಯವಿಟ್ಟು ಎದ್ದು ಬಂದು ನೋಡಿ. ಎಡಗಡೆ ಇರುವುದು ಸೂಟ್‌ಕೇಸಿನ ಆಕಾರದ, ನೀಲಿ ಬಣ್ಣದ ಚೆಂದದ ಪ್ಲೇಯರ್. ಅದರ ತೋಳನ್ನು ಎತ್ತಿ, ಮುಳ್ಳನ್ನು ಮೆಲ್ಲಗೆ ತಕ್ಕಡಿಯ ಮೇಲೆ ಇಳಿಸುತ್ತೇನೆ. 5.6 ಗ್ರಾಂ. ಬಲಗಡೆಯ ಕಪ್ಪು ಯಂತ್ರದ ತೋಳಿನ ಹಿಂದೆ ತಿರುಗಿಸಬಹುದಾದ ತೂಕದ ಬಿಲ್ಲೆಯೊಂದಿದೆ. ಅದರ ಮುಳ್ಳನ್ನು ಇಳಿಸಿದರೆ 2.0 ಗ್ರಾಂ.

ಇವತ್ತು ನನಗೆ ಹೇಳಬೇಕಾಗಿರುವುದೆಲ್ಲ ಈ ಎರಡು ಅಂಕಿಗಳಿಂದ ಶುರುವಾಗುತ್ತದೆ. ಅಂಗಡಿಯಲ್ಲಿ, ಜಾಹೀರಾತಿನಲ್ಲಿ ನಿಮಗೆ ಮೊದಲು ಕಾಣುವುದು ಬಣ್ಣ, ಬ್ಲೂಟೂತ್, ಯುಎಸ್‌ಬಿ, ಒಳಗೇ ಇರುವ ಸ್ಪೀಕರ್. ಆದರೆ ರೆಕಾರ್ಡನ್ನು ಮುಟ್ಟುವುದು ಮುಳ್ಳಿನ ತುದಿಯೊಂದೇ. ಒಂದು ಎಲ್‌ಪಿಯ, ಅಂದರೆ ಹನ್ನೆರಡು ಇಂಚಿನ ದೊಡ್ಡ ರೆಕಾರ್ಡಿನ, ಒಂದು ಬದಿ 20 ನಿಮಿಷ ಹಾಡಿದರೆ ಅಷ್ಟರಲ್ಲಿ ಮುಳ್ಳು 430 ಮೀಟರಿನಷ್ಟು ಜಾಡನ್ನು ಸವರಿಕೊಂಡು ಹೋಗಿರುತ್ತದೆ. ಆ ಅಷ್ಟೂ ದೂರ ಅದರ ಮೇಲೆ ಎಷ್ಟು ಭಾರವಿತ್ತು, ತುದಿಯ ಆಕಾರ ಜಾಡಿಗೆ ಒಗ್ಗಿತ್ತೇ ಇಲ್ಲವೇ ಎಂಬುದರ ಮೇಲೆ ಎರಡು ಸಂಗತಿ ನಿಂತಿವೆ: ಇವತ್ತು ನಿಮಗೆ ಏನು ಕೇಳಿಸುತ್ತದೆ, ನಾಳೆಗೆ ರೆಕಾರ್ಡಿನಲ್ಲಿ ಏನು ಉಳಿಯುತ್ತದೆ.

ನಾನು ಈ ಊರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಈಗೀಗ ನನ್ನಲ್ಲಿಗೆ ಬರುವವರ ಕೈಯಲ್ಲಿ ರೇಡಿಯೋ ಇರುವುದಿಲ್ಲ, ರಟ್ಟಿನ ಪೆಟ್ಟಿಗೆ ಇರುತ್ತದೆ. ಹಳೆಯ ಮನೆ ಬಿಚ್ಚಿ ಹೊಸದು ಕಟ್ಟುವಾಗ ಅಟ್ಟದಿಂದ ಇಳಿಸಿದ ಪೆಟ್ಟಿಗೆ. ಅಜ್ಜನ ಕಾಲದ ರೆಕಾರ್ಡುಗಳು, ಹೊದಿಕೆಯ ಮೇಲೆ ಅಡಿಕೆ ಸುಲಿಯುವ ಕಾಲದ ಧೂಳು, ಮಳೆಗಾಲದ ಬೂಷ್ಟು. ಎಲ್ಲರ ಪ್ರಶ್ನೆಯೂ ಒಂದೇ: ಹೆಚ್ಚು ದುಡ್ಡು ಹಾಕದೆ ಇವನ್ನು ಕೇಳುವಂಥ, ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಂಥ ಯಂತ್ರ ಯಾವುದು?

ಯಂತ್ರದ ಹೆಸರು ಹೇಳುವ ಮುಂಚೆ ನಾನು ಪೆಟ್ಟಿಗೆ ತೆರೆಸುತ್ತೇನೆ. ಒಳಗೆ ಯಾವ ಜಾತಿಯ ರೆಕಾರ್ಡು ಎಷ್ಟಿದೆ ಎಂದು ತಿಳಿಯದೆ ಯಂತ್ರ ಕೊಳ್ಳಬಾರದು.

ಕೈಗೆತ್ತಿಕೊಂಡರೆ ಭಾರವಿದ್ದು, ಬೆರಳಿನ ಗೆಣ್ಣಿನಿಂದ ತಟ್ಟಿದರೆ ಮಡಕೆಯ ಚೂರಿನಂತೆ ಟಣ್ ಎನ್ನುವುದು 78, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ರೆಕಾರ್ಡು. ಅದು ವಿನೈಲ್ ಪ್ಲಾಸ್ಟಿಕ್ ಅಲ್ಲ. ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದ್ದು. ಬಿದ್ದರೆ ಒಡೆಯುತ್ತದೆ. ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ ಕಾಲದಿಂದ ಹಿಡಿದು 1960ರ ದಶಕದವರೆಗೂ ಇವು ಬಂದವು. ಹತ್ತು ಇಂಚಿನ ರೆಕಾರ್ಡಿನಲ್ಲಿ ಬದಿಗೆ ಮೂರು ನಿಮಿಷ ಮಾತ್ರ. ದೊಡ್ಡ ಗವಾಯಿಗಳು ಒಂದಿಡೀ ರಾಗವನ್ನು ಆ ಮೂರು ನಿಮಿಷದಲ್ಲಿ ಹೇಳಿ ಮುಗಿಸಿದ್ದಾರೆ. ಕಾರವಾರದ ಕಡೆಯ ಮನೆಗಳಿಂದ ನನಗೆ ಬಂದ ಪೆಟ್ಟಿಗೆಗಳಲ್ಲಿ ಮರಾಠಿ ನಾಟ್ಯಗೀತೆಗಳ 78ಗಳೇ ಹೆಚ್ಚು. ಘಟ್ಟದ ಮೇಲೆ ಬಂದರೆ ಕನ್ನಡ ಕಂಪನಿ ನಾಟಕದ ಹಾಡು, ಹಿಂದುಸ್ತಾನಿ.

ಹಗುರವಾಗಿದ್ದು ತುಸು ಬಾಗುವುದು ವಿನೈಲ್. ಹನ್ನೆರಡು ಇಂಚಿನ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಮೆರಿಕದಲ್ಲಿ ಕೊಲಂಬಿಯಾ ಕಂಪನಿ 1948ರಲ್ಲಿ ತಂದದ್ದು. ಅದರ ಮರುವರ್ಷ ಬಂದದ್ದು 45 ಸುತ್ತಿನ ಏಳು ಇಂಚಿನ ಸಣ್ಣ ರೆಕಾರ್ಡು. ಸಿನಿಮಾ ಹಾಡಿನ ಇಪಿಗಳೆಂದು ನಮಗೆಲ್ಲ ಗೊತ್ತಿರುವುದು ಅದೇ.

ಈಗ ಮುಳ್ಳಿನ ವಿಷಯ. 78ರ ಜಾಡು ಅಗಲ, ಎಲ್‌ಪಿಯ ಜಾಡು ಕಿರಿದು. 78ಕ್ಕೆ ಬೇಕಾದ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಸ್ಟೀರಿಯೋ ಎಲ್‌ಪಿಯ ಮುಳ್ಳಿಗೆ 18 ಮೈಕ್ರಾನ್ ಆಸುಪಾಸು. ಅಂದರೆ ನಾಲ್ಕು ಪಟ್ಟು ವ್ಯತ್ಯಾಸ. ಎತ್ತಿನ ಗಾಡಿಯ ಆಳವಾದ ಜಾಡಿನಲ್ಲಿ ಸೈಕಲ್ ಹೊಡೆದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಚಕ್ರ ಎರಡೂ ದಂಡೆಗೆ ತಾಗದೆ ತಳದ ಕೆಸರಿನಲ್ಲಿ ಅತ್ತಿತ್ತ ಜಾರುತ್ತದೆ. ಎಲ್‌ಪಿಯ ಮುಳ್ಳನ್ನು 78ರ ಮೇಲೆ ಇಟ್ಟರೂ ಹಾಗೆಯೇ. ಹಾಡು ಬರೆದಿರುವುದು ಜಾಡಿನ ಗೋಡೆಗಳಲ್ಲಿ, ಮುಳ್ಳು ಓದುವುದು ತಳದ ಕೊಳೆಯನ್ನು. ಒಂದೇ ಸಮನೆ ಸರಸರ, ಚಟಪಟ. ಎಷ್ಟೋ ಜನ ‘ಅಜ್ಜನ ರೆಕಾರ್ಡು ಹಾಳಾಗಿದೆ’ ಎಂದು ಬೇಸರಪಟ್ಟುಕೊಂಡು ತಂದಿದ್ದಾರೆ. ಸರಿಯಾದ ಮುಳ್ಳು ಹಾಕಿ ಕೇಳಿಸಿದಾಗ ಅದೇ ರೆಕಾರ್ಡಿನಲ್ಲಿ ತಬಲದ ಬಾಯಾದ ಗುಮುಕು ಸ್ಪಷ್ಟವಾಗಿ ಕೇಳಿದೆ. ಇನ್ನು 78ರ ಮುಳ್ಳನ್ನು ಎಲ್‌ಪಿಯ ಮೇಲೆ ಇಟ್ಟರೆ ಅದು ಜಾಡಿನೊಳಗೆ ಇಳಿಯುವುದೇ ಇಲ್ಲ, ಅಂಚುಗಳನ್ನು ಉಜ್ಜಿ ಹಾಳುಮಾಡುತ್ತದೆ.

ಹೀಗಾಗಿ ಅಂಗಡಿಯಲ್ಲಿ ‘ಮೂರು ಸ್ಪೀಡ್: 33, 45, 78’ ಎಂದು ಬರೆದಿದ್ದರೆ ಅಲ್ಲಿಗೆ ನಿಲ್ಲಬೇಡಿ. ಮೋಟಾರು 78ರ ವೇಗದಲ್ಲಿ ತಿರುಗುತ್ತದೆ ಎಂದಷ್ಟೇ ಅದರ ಅರ್ಥ. 78ರ ಮುಳ್ಳು ಜೊತೆಗೆ ಬರುತ್ತದೆಯೇ, ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ. ಅಗ್ಗದ ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಮೂರಕ್ಕೂ ಒಂದೇ ಮುಳ್ಳು ಕೊಡುತ್ತವೆ.

ಈ ನೀಲಿ ಪೆಟ್ಟಿಗೆ ನನ್ನದೇ. ಕೆಲವು ವರ್ಷಗಳ ಹಿಂದೆ ಕೊಂಡೆ. ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಎಲ್‌ಪಿಗಳನ್ನು ಆಯಿಗೆ ಕೇಳಿಸಬೇಕು ಎಂಬ ಆತುರವಿತ್ತು, ಚಿತ್ರ ನೋಡಿ ತರಿಸಿಬಿಟ್ಟೆ. ಮೊದಲ ದಿನ ಹಾಕಿದ್ದು ಅಪ್ಪಯ್ಯನಿಗೆ ಬಹಳ ಇಷ್ಟವಾದ ಒಂದು ಖಯಾಲ್. ಆಯಿ ಐದು ನಿಮಿಷ ಕೇಳಿ, “ಇವರು ಯಾಕೋ ಅವಸರದಲ್ಲಿದ್ದಾರಲ್ಲ” ಎಂದಳು. ಹಾರ್ಮೋನಿಯಂ ತಂದು ಷಡ್ಜ ಹುಡುಕಿದೆ. ಕಪ್ಪು ಒಂದಕ್ಕೂ (ಸಪ್ತಕದ ಮೊದಲ ಕಪ್ಪು ಮನೆಗೂ) ಕೂಡುವುದಿಲ್ಲ, ಅದರ ಮೇಲಿನ ಬಿಳಿ ಮನೆಗೂ ಕೂಡುವುದಿಲ್ಲ. ಎರಡರ ನಡುವೆ ಎಲ್ಲೋ ನಿಂತಿತ್ತು. ಆಗ ರೆಕಾರ್ಡಿನ ಲೇಬಲ್ ಮೇಲೆ ಸಣ್ಣ ಕಾಗದದ ಚೂರು ಅಂಟಿಸಿ ಸುತ್ತು ಎಣಿಸಿದೆ. 33⅓ ಎಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು ಆಗಬೇಕು. ಇಲ್ಲಿ 103 ಆಯಿತು. ನೂರಕ್ಕೆ ಮೂರು ಹೆಚ್ಚೆಂದರೆ ಶ್ರುತಿ ಅರ್ಧ ಮನೆಯಷ್ಟು ಮೇಲೇರುತ್ತದೆ. ಸಂಗೀತ ಕಲಿಯದ ಆಯಿಯ ಕಿವಿ ಅದನ್ನು ಹಿಡಿದಿತ್ತು.

ವೇಗ ಒಂದೇ ಸಮನೆ ಹೆಚ್ಚಿದ್ದರೆ ಕಂಪ್ಯೂಟರಿನಲ್ಲಿ ಆಮೇಲೆ ಸರಿಪಡಿಸಿಕೊಳ್ಳಬಹುದು. ಸುತ್ತು ಸುತ್ತಿಗೂ ಏರಿಳಿದರೆ ಅದಕ್ಕೆ ಸುಲಭದ ಮದ್ದಿಲ್ಲ. ಗಾಯಕ ತಾರ ಷಡ್ಜದಲ್ಲಿ ಉಸಿರು ಕಟ್ಟಿ ನಿಂತಾಗ ಆ ಸ್ವರ ಅಲೆಯ ಮೇಲಿನ ದೋಣಿಯಂತೆ ತೂಗತೊಡಗುತ್ತದೆ. ತಂಬೂರಿಯೂ ತೂಗುತ್ತದೆ. ಅಬ್ಬರದ ಸಿನಿಮಾ ಹಾಡಿನಲ್ಲಿ ಇದು ಗೊತ್ತಾಗದೆ ಹೋಗಬಹುದು. ನಮ್ಮ ಜಿಲ್ಲೆಯ ಮನೆಗಳಲ್ಲಿ ಇರುವುದು ಹೆಚ್ಚಾಗಿ ಹಿಂದುಸ್ತಾನಿ, ಅಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ. ಆದ್ದರಿಂದ ಯಂತ್ರ ಕೊಳ್ಳುವಾಗ ಪರೀಕ್ಷೆಗೆ ವಿಲಂಬಿತ ಆಲಾಪವಿರುವ ರೆಕಾರ್ಡನ್ನೇ ಒಯ್ಯಿರಿ. ಮೊಬೈಲಿನಲ್ಲಿ ತಂಬೂರಿ ಹಚ್ಚಿ ಪಕ್ಕದಲ್ಲಿಟ್ಟು ಕೇಳಿ.

ನೀಲಿ ಪೆಟ್ಟಿಗೆಯ ಇನ್ನೊಂದು ದೋಷ ಸ್ಪೀಕರ್ ಒಳಗೇ ಇರುವುದು. ಸ್ಪೀಕರ್ ಪೆಟ್ಟಿಗೆಯನ್ನು ನಡುಗಿಸುತ್ತದೆ, ಪೆಟ್ಟಿಗೆ ಮುಳ್ಳನ್ನು ನಡುಗಿಸುತ್ತದೆ, ಆ ನಡುಕವನ್ನು ಮುಳ್ಳು ಹಾಡೆಂದೇ ತಿಳಿದು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಅದರಲ್ಲಿರುವುದು ಸೆರಾಮಿಕ್ ಕಾರ್ಟ್ರಿಜ್ (ಕಾರ್ಟ್ರಿಜ್ ಎಂದರೆ ಮುಳ್ಳಿನ ನಡುಕವನ್ನು ವಿದ್ಯುತ್ತಾಗಿ ಬದಲಿಸುವ ಭಾಗ). ಮುಳ್ಳು ಹಿಡಿದ ಕಡ್ಡಿ ಗಡುಸು, ಹಾಗಾಗಿ ಜಾಡಿನಲ್ಲಿ ನಿಲ್ಲಲು 5–6 ಗ್ರಾಂ ಭಾರ ಹೇರಲೇಬೇಕು. ತೋಳಿನ ಹಿಂದೆ ತಿರುಗಿಸುವ ಬಿಲ್ಲೆಯೂ ಇಲ್ಲ, ಭಾರ ಕಡಿಮೆ ಮಾಡುತ್ತೇನೆಂದರೂ ಆಗದು. ಅಪ್ಪಯ್ಯನ ಆ ಎಲ್‌ಪಿಯನ್ನು ನಾನು ಆ ಯಂತ್ರದಲ್ಲಿ ಎಷ್ಟು ಸಲ ಹಾಕಿದೆನೋ ಲೆಕ್ಕವಿಟ್ಟಿಲ್ಲ. ಈಗ ಒಳ್ಳೆಯ ಮುಳ್ಳಿನಲ್ಲಿ ಕೇಳಿದರೆ ದ್ರುತ್ ತಾನುಗಳು ಏರುವಲ್ಲಿ ಒಂದು ಒರಟು ಕೇಳುತ್ತದೆ. ಮೊದಲು ಅದು ಇರಲಿಲ್ಲ. ಅದು ನನ್ನ ಕೈಯಿಂದ ಆದದ್ದು. ಈ ತಕ್ಕಡಿಯನ್ನು ನಾನು ಎಲ್ಲ ಕಡೆಗೂ ಹೊತ್ತು ತಿರುಗುವುದು ಆ ಕಾರಣಕ್ಕೆ.

ಹಾಗಾದರೆ ಏನು ಕೊಳ್ಳಬೇಕು? ನೇರವಾಗಿ ಹೇಳುತ್ತೇನೆ.

ಪೆಟ್ಟಿಗೆಯಲ್ಲಿ ಎಲ್‌ಪಿ, ಇಪಿ ಮಾತ್ರ ಇದ್ದು, ಕೈಯಲ್ಲಿ 15ರಿಂದ 20 ಸಾವಿರ ರೂಪಾಯಿ ಇದ್ದರೆ ಆಡಿಯೋ-ಟೆಕ್ನಿಕಾ ಕಂಪನಿಯ ಎಟಿ-ಎಲ್‌ಪಿ60ಎಕ್ಸ್ ಅಥವಾ ಅದೇ ದರ್ಜೆಯ ಇನ್ನೊಂದನ್ನು ಕೊಳ್ಳಿ. ಬೆಲ್ಟಿನಿಂದ ತಿರುಗುತ್ತದೆ. ಗುಂಡಿ ಒತ್ತಿದರೆ ತೋಳು ತಾನೇ ಹೋಗಿ ಇಳಿಯುತ್ತದೆ, ಮುಗಿದ ಮೇಲೆ ತಾನೇ ಎದ್ದು ಬರುತ್ತದೆ. ಕೈ ನಡುಗುವ ಹಿರಿಯರಿರುವ ಮನೆಗೆ ಇದು ಸಣ್ಣ ಸೌಕರ್ಯವಲ್ಲ. ಇದರಲ್ಲಿ ಮುಳ್ಳಿನ ಭಾರವನ್ನು ಬದಲಿಸಲು ಬರುವುದಿಲ್ಲ, ಆದರೆ ಕಾರ್ಖಾನೆಯಲ್ಲಿ ಇಟ್ಟಿರುವುದೇ 3 ಗ್ರಾಂ ಆಸುಪಾಸು. ಸವೆದ ಮುಳ್ಳನ್ನು ಮಾತ್ರ ಎಳೆದು ತೆಗೆದು ಹೊಸದು ಹಾಕಬಹುದು, ಮುಳ್ಳಿನ ಬೆಲೆಯೂ ಕೈಗೆಟಕುವಷ್ಟೇ. ಯುಎಸ್‌ಬಿ ಇರುವ ಮಾದರಿಯೂ ಇದೆ. 78 ಮಾತ್ರ ಇದರಲ್ಲಿ ಇಲ್ಲ.

78ಗಳೂ ಗಣನೀಯವಾಗಿದ್ದರೆ, ನನ್ನ ಬಲಗಡೆ ಇರುವ ಈ ಕಪ್ಪು ಯಂತ್ರದಂಥದ್ದು ಬೇಕು. ಇದು ಎಟಿ-ಎಲ್‌ಪಿ120ಎಕ್ಸ್ ಯುಎಸ್‌ಬಿ. ಮೂರೂ ವೇಗವಿದೆ, ವೇಗವನ್ನು ತುಸು ಹೆಚ್ಚು ಕಡಿಮೆ ಮಾಡುವ ಪಟ್ಟಿಯಿದೆ, ಭಾರ ಹೊಂದಿಸುವ ಬಿಲ್ಲೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದರ ಕಾರ್ಟ್ರಿಜ್‌ನಿಂದ ಎಲ್‌ಪಿಯ ಮುಳ್ಳನ್ನು ಕಳಚಿ ಅದೇ ಸರಣಿಯ 78ರ ಮುಳ್ಳನ್ನು ಹಾಕಬಹುದು. ಅರ್ಧ ನಿಮಿಷದ ಕೆಲಸ. ಮುಳ್ಳು ಬದಲಿಸಿದಾಗ ಭಾರವನ್ನೂ ಬದಲಿಸಬೇಕು. 78ರ ದಪ್ಪ ಮುಳ್ಳು ಅಗಲವಾದ ಜಾಡಿನಲ್ಲಿ ಕೂರುವುದರಿಂದ ಅದಕ್ಕೆ ಹೆಚ್ಚು ಭಾರವೇ ಬೇಕು, ಅಲ್ಲಿ 5 ಗ್ರಾಂ ತಪ್ಪಲ್ಲ. ತಪ್ಪಾಗುವುದು ಅದೇ ಭಾರವನ್ನು ಎಲ್‌ಪಿಯ ಸೂಕ್ಷ್ಮ ಜಾಡಿನ ಮೇಲೆ ಹೇರಿದಾಗ. ಬೆಲೆ ಮಾತ್ರ ಮೊದಲಿನದರ ಎರಡು ಪಟ್ಟಿಗೂ ಹೆಚ್ಚು. ನಾಲ್ಕಾರು 78 ಇರುವವರು ಇಷ್ಟು ಖರ್ಚು ಮಾಡುವುದು ಬೇಡ. ಇಂಥ ಯಂತ್ರ ಇರುವವರ ಮನೆಗೆ ಒಂದು ಮಧ್ಯಾಹ್ನ ಹೋಗಿ ಇಳಿಸಿಕೊಂಡು ಬನ್ನಿ.

ಇನ್ನೊಂದು ದಾರಿ ಹಳೆಯ ಯಂತ್ರ. ನಮ್ಮ ಕಡೆಯ ಮನೆಗಳಲ್ಲಿ ಎಚ್‌ಎಂವಿ, ಫಿಲಿಪ್ಸ್ ಪೆಟ್ಟಿಗೆ ಪ್ಲೇಯರ್‌ಗಳು ಇನ್ನೂ ಇವೆ. ಅವುಗಳ ಮೇಲೆ ನನಗೆ ಪ್ರೀತಿಯಿದೆ, ಎಷ್ಟನ್ನೋ ರಿಪೇರಿ ಮಾಡಿದ್ದೇನೆ. ಹಲವದರಲ್ಲಿ ಕಾರ್ಟ್ರಿಜ್‌ನ ಪುಟ್ಟ ಸನ್ನೆ ತಿರುಗಿಸಿದರೆ ಒಂದು ಕಡೆ 78ರ ಮುಳ್ಳು, ಇನ್ನೊಂದು ಕಡೆ ಎಲ್‌ಪಿಯ ಮುಳ್ಳು ಬರುತ್ತದೆ. ಒಳ್ಳೆಯ ಉಪಾಯ. ಆದರೆ ಅವೂ ಸೆರಾಮಿಕ್, ಅವೂ ಭಾರ. ರಬ್ಬರ್ ಚಕ್ರ ಗಟ್ಟಿಯಾಗಿರುತ್ತದೆ. ಜಗುಲಿಯಲ್ಲಿ ಕುಳಿತು ಹಳೆಯ ಇಪಿ ಕೇಳುವುದಕ್ಕೆ ಇಟ್ಟುಕೊಳ್ಳಿ, ಇಳಿಸಿಕೊಳ್ಳುವ ಕೆಲಸಕ್ಕೆ ಬಳಸಬೇಡಿ. 1970–80ರ ದಶಕದ ಜಪಾನಿನ ಟರ್ನ್‌ಟೇಬಲ್ ಯಾರಾದರೂ ಕೊಡುತ್ತೇನೆಂದರೆ ಅದು ಬೇರೆ ಮಾತು. ತೋಳಿನ ಕೀಲು ಸಡಿಲವಿಲ್ಲದೆ ಹಗುರವಾಗಿ ಆಡುತ್ತಿದ್ದರೆ, ಹೊಸ ಬೆಲ್ಟು ಮತ್ತು ಹೊಸ ಮುಳ್ಳು ಹಾಕಿದರೆ ಈಗಿನ ಎಷ್ಟೋ ಹೊಸ ಯಂತ್ರಗಳಿಗಿಂತ ಮೇಲು. ಹಳೆಯದರಲ್ಲಿರುವ ಮುಳ್ಳನ್ನು ಮಾತ್ರ ಎಂದೂ ನಂಬಬೇಡಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರದಲ್ಲಿ ನೋಡಿ. ಒಳ್ಳೆಯ ತುದಿ ದುಂಡಗೆ ಇರುತ್ತದೆ, ಸವೆದದ್ದರಲ್ಲಿ ಎರಡು ಕಡೆ ಚಪ್ಪಟೆ ಮೈ ಮಿಂಚುತ್ತದೆ. ಆ ಚಪ್ಪಟೆಯ ಅಂಚು ಉಳಿಯಂತೆ ಜಾಡನ್ನು ಕೆತ್ತುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಹಳೆಯ ಯಂತ್ರಗಳ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ಯಂತ್ರ ಸುಡುವುದಿಲ್ಲ, ನಿಜ. ಆದರೆ ಎಸಿ ಸಿಂಕ್ರನಸ್ ಮೋಟಾರಿನ ವೇಗ ನಿಂತಿರುವುದು ಹರ್ಟ್ಸ್ ಮೇಲೆ. 33⅓ ಸುತ್ತಬೇಕಾದದ್ದು 28ಕ್ಕಿಂತ ತುಸು ಕಡಿಮೆ ಸುತ್ತುತ್ತದೆ. ಕಪ್ಪು ಒಂದರಲ್ಲಿ ಹಾಡಿದವರು ಕೆಳಗಿನ ಸಪ್ತಕದ ಕಪ್ಪು ಐದಕ್ಕಿಂತಲೂ ಕೆಳಗಿಳಿಯುತ್ತಾರೆ. ಅಡಾಪ್ಟರಿನಿಂದ ನಡೆಯುವ ಡಿಸಿ ಮೋಟಾರಿನ ಹೊಸ ಯಂತ್ರಗಳಿಗೆ ಈ ತೊಂದರೆಯಿಲ್ಲ.

ಇನ್ನು ತಂತಿಯ ಕಡೆ ಬರೋಣ, ಇಲ್ಲಿ ಬೇಗ ಮುಗಿಸುತ್ತೇನೆ. ನಾನು ಹೇಳಿದ ಹೊಸ ಯಂತ್ರಗಳಲ್ಲಿರುವುದು ಮ್ಯಾಗ್ನೆಟ್ ಕಾರ್ಟ್ರಿಜ್, ಅದರಿಂದ ಹೊರಡುವುದು ಕೆಲವೇ ಮಿಲಿವೋಲ್ಟ್. ಜೊತೆಗೆ ರೆಕಾರ್ಡು ಕೆತ್ತುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ, ಇಲ್ಲದಿದ್ದರೆ ಮಂದ್ರದ ಅಲೆಗಳಿಗೆ ಜಾಡಿನಲ್ಲಿ ಜಾಗ ಸಾಲುವುದಿಲ್ಲ. 1954ರಿಂದ ಇದಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ಬಳಕೆಗೆ ಬಂತು. ಕೆತ್ತುವಾಗ ಮಾಡಿದ್ದನ್ನು ನುಡಿಸುವಾಗ ತಿರುಗಿ ಸರಿಮಾಡಿ, ಧ್ವನಿಯನ್ನು ಹಿಗ್ಗಿಸುವ ಸರ್ಕ್ಯೂಟಿಗೆ ಫೋನೋ ಪ್ರೀಆಂಪ್ ಎನ್ನುತ್ತಾರೆ. ನಾನು ಹೆಸರಿಸಿದ ಎರಡೂ ಯಂತ್ರಗಳಲ್ಲಿ ಅದು ಒಳಗೇ ಇದೆ, ಹಿಂದೆ ‘ಫೋನೋ–ಲೈನ್’ ಎಂಬ ಸ್ವಿಚ್ ಇರುತ್ತದೆ. ಆಂಪ್ಲಿಫೈಯರಿನಲ್ಲೂ ಫೋನೋ, ಯಂತ್ರದಲ್ಲಿ ಲೈನ್ ಎಂದಿಟ್ಟರೆ ಎರಡು ಸಲ ಹಿಗ್ಗಿ ಕರ್ಕಶವಾಗುತ್ತದೆ. ಧ್ವನಿ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಂತೆ ತೆಳ್ಳಗೆ ಕೇಳಿದರೆ ಎಲ್ಲಿಯೂ ಪ್ರೀಆಂಪ್ ಸಿಕ್ಕಿಲ್ಲ ಎಂದರ್ಥ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರವಾಗಿ ಸಿಕ್ಕಿಸಬೇಡಿ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದು ಮೋನೋ, ಧ್ವನಿಯೂ ಒಡೆಯುತ್ತದೆ.

ಯುಎಸ್‌ಬಿ ಇದ್ದ ಯಂತ್ರವೇ ಬೇಕೆಂದೇನೂ ಇಲ್ಲ. ಯುಎಸ್‌ಬಿ ಇಲ್ಲದ ಒಳ್ಳೆಯ ಯಂತ್ರಕ್ಕೆ ಬೆಹ್ರಿಂಗರ್ ಯುಎಫ್‌ಒ202ನಂಥ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ ಸೇರಿಸಿದರೆ ಸಾಕು. ಫೋನೋ ಪ್ರೀಆಂಪೂ ಅದರಲ್ಲೇ ಇದೆ. ಯುಎಸ್‌ಬಿಗೆಂದು ಕೆಟ್ಟ ತೋಳಿನ ಯಂತ್ರ ಕೊಳ್ಳುವುದಕ್ಕಿಂತ, ಒಳ್ಳೆಯ ತೋಳಿನ ಯಂತ್ರ ಕೊಂಡು ಯುಎಸ್‌ಬಿಯನ್ನು ಆಮೇಲೆ ಸೇರಿಸಿಕೊಳ್ಳುವುದು ಜಾಣತನ.

ನಮ್ಮ ಮನೆಗಳ, ನಮ್ಮ ಹವೆಯ ಕಷ್ಟಗಳು ಬೇರೆಯೇ ಇವೆ. ಮರದ ಮಾಳಿಗೆಯ ಮೇಲೆ ಟರ್ನ್‌ಟೇಬಲ್ ಇಟ್ಟರೆ ಯಾರೋ ಮೆಟ್ಟಿಲು ಹತ್ತಿದರೂ ಮುಳ್ಳು ಹಾರುತ್ತದೆ. ಕೆಳಗಿನ ಅಂತಸ್ತಿನಲ್ಲಿ, ಗೋಡೆಗೆ ಬಲವಾಗಿ ಬಿಗಿದ ಹಲಗೆಯ ಮೇಲೆ ಇಡಿ. ನೀರಿನ ಮಟ್ಟ ನೋಡುವ ಗಾರೆಯವರ ಸಾಧನದಿಂದ ಮಟ್ಟ ನೋಡಿ. ಹಮ್ಮ್ ಎಂಬ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಹತ್ತರಲ್ಲಿ ಆರು ಸಲ ಅಲ್ಲಿಗೇ ಮುಗಿಯುತ್ತದೆ. ಏಪ್ರಿಲ್–ಮೇಯಲ್ಲಿ ಅರ್ತಿಂಗ್ ಗುಂಡಿ ಒಣಗಿರುತ್ತದೆ, ಎರಡು ಕೊಡ ನೀರು ಹಾಕಿ. ಇನ್ವರ್ಟರ್ ಮೇಲೆ ಇಳಿಸಿಕೊಳ್ಳುವ ಕೆಲಸ ಬೇಡ, ಅದರ ಕಿರಿಕಿರಿ ಧ್ವನಿಯೊಳಗೆ ಸೇರಿಕೊಳ್ಳುತ್ತದೆ. ಕರೆಂಟು ಬರುವವರೆಗೆ ಕಾಯಿರಿ. ಕರಾವಳಿಯವರು ತಿಂಗಳಿಗೊಮ್ಮೆ ಆರ್‌ಸಿಎ ಪಿನ್ನುಗಳನ್ನು (ಧ್ವನಿಯ ತಂತಿಯ ತುದಿಗಳನ್ನು) ಒರೆಸಲೇಬೇಕು, ಉಪ್ಪುಗಾಳಿಗೆ ಅವು ಕಪ್ಪಾಗಿ ಒಂದು ಕಡೆಯ ಧ್ವನಿಯೇ ನಿಂತುಬಿಡುತ್ತದೆ.

ತೊಳೆಯುವ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಈ ಎಲ್‌ಪಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ, ನೋಡಿ. ಬಿಳಿಯ ಚುಕ್ಕೆಗಳು ಜೇಡರ ಬಲೆಯಂತೆ ಹರಡಿವೆ. ಶಿರಸಿಯ ನಾಲ್ಕು ತಿಂಗಳ ಮಳೆ ಇದು. ಇದರ ಮೇಲೆ ಮುಳ್ಳು ಇಟ್ಟರೆ ಬೂಷ್ಟು ಮುಳ್ಳಿಗೆ ಸುತ್ತಿಕೊಂಡು, ಎರಡು ನಿಮಿಷದಲ್ಲಿ ಹಾಡು ಕಂಬಳಿಯೊಳಗಿನಿಂದ ಬಂದಂತೆ ಮಂಕಾಗುತ್ತದೆ. ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊದಲು ಒಣ ಬ್ರಶ್ಶಿನಿಂದ ಉದುರಿಸಿ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಜಾಡು ಹೋದ ದಿಕ್ಕಿನಲ್ಲೇ ಸುತ್ತಲೂ ಒರೆಸಿ. ಅಡ್ಡಲಾಗಿ ಉಜ್ಜಬೇಡಿ. ಬರಿಯ ಡಿಸ್ಟಿಲ್ಡ್ ವಾಟರಿನಿಂದ ಮತ್ತೊಮ್ಮೆ ತೊಳೆಯಿರಿ. ಲೇಬಲ್‌ಗೆ ನೀರು ತಾಗದಿರಲಿ. ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಳೆಯ ಕಾಗದದ ಒಳಹೊದಿಕೆಯಲ್ಲೇ ಬೂಷ್ಟು ಉಳಿದಿರುತ್ತದೆ, ಅದನ್ನು ಬಿಸಾಡಿ ಹೊಸದು ಹಾಕಿ. ಲೇಬಲ್ಲಿನ ಮೇಲಿಲ್ಲದ ಮಾಹಿತಿ ಹೊರಹೊದಿಕೆಯ ಮೇಲಿರುತ್ತದೆ, ಅದನ್ನು ಎಂದೂ ಬಿಸಾಡಬೇಡಿ.

78ಕ್ಕೆ ಸ್ಪಿರಿಟ್ ತಾಗಿಸಲೇಬಾರದು. ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ. ಬಡಗಿಗಳು ಮರದ ಪಾಲಿಶ್ ಮಾಡುವುದೇ ಹಾಗೆ. ವಿನೈಲ್‌ಗೆ ಎಂದು ಮಾರುವ ಕೆಲವು ದ್ರಾವಣಗಳಲ್ಲಿ ಅದು ಇರುತ್ತದೆ, ಓದಿ ನೋಡಿ. 78ನ್ನು ನೀರಿನಲ್ಲಿ ನೆನೆಸಿಡಲೂಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ.

ಈಗ ಇಳಿಸಿಕೊಳ್ಳುವುದು. ಅಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದೇ ಸಾಕು. ರೆಕಾರ್ಡಿನಲ್ಲಿ ಅತಿ ಜೋರಾಗಿರುವ ಜಾಗವನ್ನು ಮೊದಲು ನುಡಿಸಿ, ಮೀಟರಿನ ಪಟ್ಟಿ −6 ಡೆಸಿಬೆಲ್ ದಾಟದಂತೆ ಮಟ್ಟ ಹಿಡಿಯಿರಿ. ಸೊನ್ನೆಗೆ ತಾಗಿ ಕತ್ತರಿಸಿಹೋದ ಧ್ವನಿ ಮತ್ತೆ ಬರುವುದಿಲ್ಲ. ಆಮೇಲೆ ಇಡೀ ಬದಿಯನ್ನು ಒಂದೇ ಸಲಕ್ಕೆ, ಮುಳ್ಳು ಇಳಿಯುವ ಮುಂಚಿನಿಂದ ಎದ್ದ ನಂತರದವರೆಗೆ ಇಳಿಸಿ. ಹಾಡುಗಳನ್ನು ಬೇರ್ಪಡಿಸುವುದು ಆಮೇಲೆ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ ಎಂದರೆ ನಿಮಿಷಕ್ಕೆ ಸುಮಾರು 10 ಎಂಬಿ, 40 ನಿಮಿಷದ ಎಲ್‌ಪಿಗೆ 400 ಎಂಬಿ. ಫ್ಲ್ಯಾಕ್ ರೂಪದಲ್ಲಿ ಉಳಿಸಿದರೆ ಧ್ವನಿಯ ಒಂದು ಕೂದಲೂ ಕೊಂಕದೆ ಅದು ಬಹಳಷ್ಟು ಕಿರಿದಾಗುತ್ತದೆ. ಎಂಪಿ3 ಮಾಡುವುದು ವಾಟ್ಸ್‌ಆ್ಯಪಿನಲ್ಲಿ ನೆಂಟರಿಗೆ ಕಳಿಸಲು ಮಾತ್ರ.

78ರ ವೇಗವಿಲ್ಲದ ಯಂತ್ರದಲ್ಲೂ ಒಂದು ಉಪಾಯವಿದೆ. 78ರ ಮುಳ್ಳು ಹಾಕಲು ಬಂದರೆ, ರೆಕಾರ್ಡನ್ನು 45ರಲ್ಲಿ ಓಡಿಸಿ ಇಳಿಸಿಕೊಂಡು, ಅಡಾಸಿಟಿಯಲ್ಲಿ ವೇಗವನ್ನು 45ರಿಂದ 78ಕ್ಕೆ ಏರಿಸಬಹುದು. ಧ್ವನಿಯ ಬಣ್ಣ ತುಸು ಬದಲಾಗುತ್ತದೆ, ಅದನ್ನು ಆಮೇಲೆ ತಿದ್ದಬೇಕು. ಸೊಟ್ಟಗಾದ 78ಗಳಲ್ಲಿ ಮುಳ್ಳು ಹಾರದಿರಲು ಈ ನಿಧಾನವೇ ಸಹಾಯ ಮಾಡುತ್ತದೆ. 78ಗಳು ಮೋನೋ ಆದ್ದರಿಂದ ಎಡಬಲ ಎರಡನ್ನೂ ಕೂಡಿಸಿ ಒಂದು ಮಾಡಿ. ಸರಸರ ಸದ್ದಿನಲ್ಲಿ ಒಂದಷ್ಟು ತಾನಾಗಿ ಅಳಿಯುತ್ತದೆ.

ಸದ್ದು ತೆಗೆಯುವ ಗುಂಡಿಯನ್ನು ಒತ್ತುವಾಗ ಕೈ ಹಿಡಿತದಲ್ಲಿರಲಿ. ತಂಬೂರಿಯ ಝೇಂಕಾರ ಕಂಪ್ಯೂಟರಿಗೆ ಸದ್ದಿನಂತೆಯೇ ಕಾಣುತ್ತದೆ. ಸದ್ದಿನ ಜೊತೆಗೆ ಅದನ್ನೂ ಒರೆಸಿಹಾಕಿದರೆ ಗಾಯಕ ನೀರಿನೊಳಗಿಂದ ಹಾಡಿದಂತೆ ಕೇಳುತ್ತದೆ. ಏನೇ ತಿದ್ದಿದರೂ ತಿದ್ದದ ಮೂಲ ಕಡತವನ್ನು ಬೇರೆಯಾಗಿ, ಎರಡು ಜಾಗದಲ್ಲಿ ಇಟ್ಟುಕೊಳ್ಳಿ.

ಕಡತಕ್ಕೆ ಹೆಸರಿಡುವಾಗ ಲೇಬಲ್ಲಿನ ಮೇಲಿನ ಸಂಖ್ಯೆ, ಲೇಬಲ್ಲಿನ ಪಕ್ಕದ ನುಣುಪು ಜಾಗದಲ್ಲಿ ಕೆತ್ತಿದ ಸಂಖ್ಯೆ ಎರಡನ್ನೂ ಬರೆಯಿರಿ. ಹೆಸರನ್ನು ಲೇಬಲ್ಲಿನಲ್ಲಿ ಇದ್ದಂತೆಯೇ ಬರೆದುಕೊಳ್ಳಿ, ನಮಗೆ ಗೊತ್ತಿರುವ ಹೆಸರನ್ನು ಪಕ್ಕದಲ್ಲಿ ಸೇರಿಸಿ. ಗಂಗೂಬಾಯಿ ಹಾನಗಲ್ ಅವರ ಆರಂಭದ ಮುದ್ರಿಕೆಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಅದು ತಿಳಿಯದೆ ಯಾರೋ ಅಪರಿಚಿತರು ಎಂದು ಬದಿಗಿಟ್ಟರೆ ಎಷ್ಟು ದೊಡ್ಡ ನಷ್ಟ!

ಸಭೆಯಲ್ಲಿ ಒಬ್ಬರು, ಇಳಿಸಿಕೊಂಡ ಹಾಡನ್ನು ಅಂತರ್ಜಾಲಕ್ಕೆ ಹಾಕಬಹುದೇ ಎಂದು ಕೇಳಿದರು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1960ರ ಮುದ್ರಿಕೆ 2021ಕ್ಕೆ ಮುಕ್ತವಾಯಿತು. ಆದರೆ ಹಾಡು ಬರೆದವರ, ಸ್ವರ ಹಾಕಿದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಎರಡನ್ನೂ ನೋಡಿಕೊಂಡೇ ಹಾಕಬೇಕು.

ಇನ್ನೊಬ್ಬರ ಮನೆಯಲ್ಲಿ ಕೀಲಿ ಕೊಡುವ ಗ್ರಾಮೊಫೋನ್ ಇದೆಯಂತೆ, ಎಲ್‌ಪಿ ಹಾಕಬಹುದೇ ಎಂದರು. ದಯವಿಟ್ಟು ಬೇಡ. ಅದರ ತಲೆಯ ಭಾರ ಒಂದೆರಡು ಗ್ರಾಂ ಅಲ್ಲ, ನೂರು ಗ್ರಾಮಿನ ಲೆಕ್ಕ. ಉಕ್ಕಿನ ಮುಳ್ಳು ಒಂದೇ ಓಟಕ್ಕೆ ಎಲ್‌ಪಿಯನ್ನು ಉತ್ತುಬಿಡುತ್ತದೆ. ಅದಕ್ಕೆ 78 ಮಾತ್ರ, ಅದೂ ಪ್ರತಿ ಬದಿಗೂ ಹೊಸ ಮುಳ್ಳು. 78ರೊಳಗಿನ ಕಲ್ಲಿನ ಪುಡಿ ಮುಳ್ಳನ್ನು ಅಷ್ಟು ಬೇಗ ಸವೆಸುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: “ಎಲ್ಲ ಕಂಪ್ಯೂಟರಿಗೆ ಇಳಿಸಿದ ಮೇಲೆ ಪೆಟ್ಟಿಗೆಯನ್ನು ಗುಜರಿಗೆ ಕೊಡಬಹುದೇ? ಮನೆಯಲ್ಲಿ ಜಾಗವಿಲ್ಲ.” ಕೊಡಬೇಡಿ ಅಕ್ಕಾ. ನಾವು ಇವತ್ತು ಇಳಿಸಿದ್ದು ಇವತ್ತಿನ ಮುಳ್ಳಿಗೆ ಕೇಳಿಸಿದಷ್ಟನ್ನು. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಇದಕ್ಕಿಂತ ಚೆನ್ನಾಗಿ ಓದುವ ಉಪಾಯ ಬಂದರೆ ಅವರಿಗೆ ಬೇಕಾಗುವುದು ರೆಕಾರ್ಡು. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದಂತೆ ಇಡಿ. ನಿಜವಾಗಿಯೂ ಜಾಗವಿಲ್ಲದಿದ್ದರೆ ನನಗೆ ಹೇಳಿ, ಇಟ್ಟುಕೊಳ್ಳುವವರನ್ನು ಹುಡುಕೋಣ.

ತಕ್ಕಡಿ, ಕಣ್ಣಿನ ಮಸೂರ, 78ರ ಒಂದು ಮುಳ್ಳು ಯಾವಾಗಲೂ ನನ್ನ ಮನೆಯಲ್ಲಿ ಇರುತ್ತವೆ. ಯಂತ್ರ ಕೊಳ್ಳುವ ಮುಂಚೆ ಬಂದು ಕೇಳಿದರೆ ಸಂತೋಷ. ಕೊಂಡ ಮೇಲೆ ಬಂದರೂ ಸರಿ, ಆದರೆ ಮೊದಲ ರೆಕಾರ್ಡು ಹಾಕುವ ಮುಂಚೆ ಬನ್ನಿ.